ಟಿಬಿಲಿಸಿಯಲ್ಲಿ ಎರಡು ಕ್ರಿಸ್‌ಮಸ್, ಒಂದು ಬಕೆಟ್

  ಈ ವಾರ ಗೆಸ್ಟ್ ಯಾರೂ ಇಲ್ಲ, ನಾನೊಬ್ಬಳೇ. ಹೋದ ಎಪಿಸೋಡ್‌ನ ಕೊನೇಲಿ, ಒಂದು ಸಲ ಕ್ರಿಸ್‌ಮಸ್ ಟೈಮಲ್ಲಿ ವಿದೇಶದ ಹಾಸ್ಟೆಲ್ ಒಂದರಲ್ಲಿ ವಾಲಂಟಿಯರ್ ಆಗಿದ್ದೆ ಅಂತ ಮಾತಿನ ಮಧ್ಯೆ ಹೇಳಿಬಿಟ್ಟೆ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ‘ಅಕ್ಕಾ, ಫ್ರೀಯಾಗಿ ಉಳ್ಕೊಳ್ಳೋದು ಹೇಗೆ?’ ಹೇಳ್ತೀನಿ. ಅದರ ಜೊತೆಗೆ ಇನ್ನೊಂದು ವಿಷಯಾನೂ ಹೇಳ್ಬೇಕು. ಅದನ್ನ ನಾನು ಆವಾಗ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿರಲಿಲ್ಲ.

ಮೊದಲು ಊರು. ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿ. ಅಮೆರಿಕದಲ್ಲಿರೋ ಜಾರ್ಜಿಯಾ ಅಲ್ಲ, ಟರ್ಕಿ, ರಷ್ಯಾ, ಅರ್ಮೇನಿಯಾ, ಅಜರ್‌ಬೈಜಾನ್ ಮಧ್ಯೆ ಕಾಕಸಸ್ ಬೆಟ್ಟಗಳ ಬುಡದಲ್ಲಿರೋ ಪುಟ್ಟ ದೇಶ. ನಮ್ಮ ಕಡೆಯ ಎಷ್ಟೋ ಮಕ್ಕಳು ಎಂಬಿಬಿಎಸ್ ಓದೋಕೆ ಹೋಗ್ತಾರಲ್ಲ, ಅದೇ. 2023ರ ಡಿಸೆಂಬರ್. ಬೆಂಗಳೂರಲ್ಲಿ ಮೂರು ವರ್ಷ ಮಾಡಿದ ಕೆಲಸ ಬಿಟ್ಟಿದ್ದೆ. ‘ಬಿಟ್ಟಿದ್ದೆ’ ಅನ್ನೋದು ನಾನು ಮನೇಲಿ ಹೇಳಿದ್ದು. ನಿಜವಾಗಿ ಆಗಿದ್ದು ಏನಂದ್ರೆ, ಒಂದು ಶುಕ್ರವಾರ ಲ್ಯಾಪ್‌ಟಾಪ್ ವಾಪಸ್ ಕೇಳಿದ್ರು. ಕೈಯಲ್ಲಿ ಸ್ವಲ್ಪ ದುಡ್ಡು, ತಲೆಯಲ್ಲಿ ಸಿಕ್ಕಾಪಟ್ಟೆ ಸಿಟ್ಟು. ಹಾಸನಕ್ಕೆ ಹೋಗಿ ಅಮ್ಮನ ಮುಖ ನೋಡೋ ಧೈರ್ಯ ಇರಲಿಲ್ಲ. ಈ-ವೀಸಾ ಸಿಕ್ತು. ಬೆಂಗಳೂರಿಂದ ಶಾರ್ಜಾ, ಶಾರ್ಜಾದಿಂದ ಟಿಬಿಲಿಸಿ.

ಹಾಸ್ಟೆಲ್ ಅಂದ್ರೆ ನಮ್ಮ ಪಿಜಿ, ಬಿಸಿಎಂ ಹಾಸ್ಟೆಲ್ ತರ ಅಲ್ಲ. ಬ್ಯಾಗ್ ಹೊತ್ಕೊಂಡು ಊರೂರು ಸುತ್ತೋರು ಒಂದೊಂದು ರಾತ್ರಿಗೆ ಬಂಕ್ ಹಾಸಿಗೆ ಬಾಡಿಗೆಗೆ ತಗೊಳ್ಳೋ ಜಾಗ. ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್ ಅಂತ ವೆಬ್‌ಸೈಟ್‌ಗಳಿವೆ, ವರ್ಷಕ್ಕಿಷ್ಟು ಅಂತ ಸದಸ್ಯತ್ವದ ಫೀಸ್ ಕಟ್ಟಬೇಕು. ಅದರಲ್ಲಿ ಹುಡುಕಿ, ಮಾಲೀಕರಿಗೆ ಮೆಸೇಜ್ ಮಾಡಿ, ಅವರು ಒಪ್ಪಿದ್ರೆ ದಿನಕ್ಕೆ ನಾಲ್ಕೈದು ಗಂಟೆ ಕೆಲಸ ಮಾಡಿದ್ದಕ್ಕೆ ಮಲಗೋಕೆ ಜಾಗ ಕೊಡ್ತಾರೆ. ನನಗೆ ಹೇಳಿದ್ದು ವಾರಕ್ಕೆ 25 ಗಂಟೆ, ಎರಡು ದಿನ ರಜೆ, ಬೆಳಗ್ಗೆ ತಿಂಡಿ. ಪ್ರೊಫೈಲ್‌ನಲ್ಲಿ ಬರೆದಿದ್ದು ‘ಹೆಲ್ಪ್ ಅರೌಂಡ್ ದ ಹಾಸ್ಟೆಲ್’ ಅಂತ. ನಾನು ಅಂದ್ಕೊಂಡಿದ್ದು ರಿಸೆಪ್ಷನ್‌ನಲ್ಲಿ ಕೂತು ಬಂದೋರಿಗೆ ಮ್ಯಾಪ್ ಕೊಡೋದು, ಗಿಟಾರ್ ನುಡಿಸೋರ ಪಕ್ಕ ಕೂತು ಕಾಫಿ ಕುಡಿಯೋದು. ರೀಲ್ಸ್‌ನಲ್ಲಿ ಹಾಗೇ ಇರುತ್ತೆ.

ಇಲ್ಲೊಂದು ಮಾತು, ದಯವಿಟ್ಟು ಸ್ಕಿಪ್ ಮಾಡ್ಬೇಡಿ. ‘ಸಂಬಳ ತಗೊಳ್ತಿಲ್ವಲ್ಲ, ಹಾಗಾದ್ರೆ ಅದು ಕೆಲಸ ಅಲ್ಲ’ ಅಂತ ನಾವು ಅಂದ್ಕೊಳ್ತೀವಿ. ಎಷ್ಟೋ ದೇಶಗಳ ಕಾನೂನು ಹಾಗೆ ಅಂದ್ಕೊಳ್ಳಲ್ಲ. ಬ್ರಿಟನ್ ತಗೊಳ್ಳಿ. ವಿಸಿಟರ್ ವೀಸಾದಲ್ಲಿ ಹೋದವರು ನೋಂದಣಿಯಾದ ಚಾರಿಟಿಗೆ ಮಾತ್ರ, ಅದೂ 30 ದಿನದ ಒಳಗೆ, ವಾಲಂಟಿಯರ್ ಆಗಬಹುದು. ಲಾಭಕ್ಕೆ ನಡೆಯೋ ಹಾಸ್ಟೆಲ್‌ನಲ್ಲಿ ಹಾಸಿಗೆಗೋಸ್ಕರ ಬೆಡ್‌ಶೀಟ್ ಮಡಚಿದ್ರೆ ಅದು ಕೆಲಸವೇ. ಏರ್‌ಪೋರ್ಟ್‌ನಲ್ಲಿ ಬಾಯಿಬಿಟ್ರೆ ಅಲ್ಲಿಂದಲೇ ವಾಪಸ್. ಜೊತೆಗಿದ್ದ ಯುರೋಪಿನ ಹುಡುಗರಿಗೆ ಈ ಚಿಂತೆಯೇ ಇಲ್ಲ, ಅವರ ಪಾಸ್‌ಪೋರ್ಟ್ ಬೇರೆ, ನಮ್ಮದು ಬೇರೆ. ಅವರು ಮಾಡಿದ ವಿಡಿಯೋ ನೋಡಿ ನೀವು ಹೊರಡ್ಬೇಡಿ. ನಾನು ಹೊರಡೋ ಮುಂಚೆ ಮಾಲೀಕನನ್ನ ಕೇಳಿದ್ದೆ, ‘ಎಲ್ಲರೂ ಮಾಡ್ತಾರೆ, ಏನೂ ಆಗಲ್ಲ’ ಅಂದ. ಅದನ್ನೇ ನಂಬಿ ಹೋದೆ. ಇವತ್ತಾದ್ರೆ ಆ ದೇಶದ ರಾಯಭಾರ ಕಚೇರಿಗೆ ಒಂದು ಇ-ಮೇಲ್ ಹಾಕಿ ಉತ್ತರ ತರಿಸಿಕೊಂಡೇ ಹೊರಡ್ತಿದ್ದೆ.

ಡಿಸೆಂಬರ್ 12ಕ್ಕೆ ತಲುಪಿದೆ. ಹಳೇ ಊರಿನ ಒಂದು ಗಲ್ಲಿ, ಕಬ್ಬಿಣದ ಗೇಟು, ಒಳಗೆ ಹೋದ್ರೆ ನಡುವೆ ಅಂಗಳ, ಸುತ್ತ ಮರದ ಬಾಲ್ಕನಿಗಳಿರೋ ಎರಡಂತಸ್ತಿನ ಮನೆಗಳು. ಅಂಗಳದಲ್ಲಿ ಒಂದೇ ನಲ್ಲಿ, ದ್ರಾಕ್ಷಿ ಬಳ್ಳಿ, ಒಣಗಿ ಹಾಕಿದ ಬಟ್ಟೆ. ಅಲ್ಲಿಯವರು ಇದನ್ನ ಇಟಾಲಿಯನ್ ಅಂಗಳ ಅಂತಾರೆ. ನನಗೆ ನೋಡಿದ ತಕ್ಷಣ ಅನಿಸಿದ್ದು, ಅರೆ, ಇದು ನಮ್ಮ ವಠಾರ! ಯಾರ ಮನೇಲಿ ಏನು ಒಗ್ಗರಣೆ ಅಂತ ಎಲ್ಲರಿಗೂ ಗೊತ್ತು. ಕೆಳಗಿನ ಮೂರು ಮನೆ ಸೇರಿಸಿ ಹಾಸ್ಟೆಲ್ ಮಾಡಿದ್ರು, ಮೇಲೆ ಮನೆಗಳು.

ಮರುದಿನ ಬೆಳಗ್ಗೆ ಮಾಲೀಕ ನನ್ನ ಕೈಗೆ ಕೊಟ್ಟಿದ್ದು ಬಕೆಟ್, ಬ್ರಷ್, ಬ್ಲೀಚ್. ನಾಲ್ಕು ಟಾಯ್ಲೆಟ್, ಮೂರು ಶವರ್, 26 ಹಾಸಿಗೆ.

ನಾನು ಸುಮ್ನೆ ನಿಂತೆ. ನನಗೆ 25 ವರ್ಷ ಆಗಿತ್ತು, ಅವತ್ತಿನವರೆಗೆ ನನ್ನ ಜೀವನದಲ್ಲಿ ಒಂದು ಸಲಾನೂ ಟಾಯ್ಲೆಟ್ ತೊಳೆದಿರಲಿಲ್ಲ. ಪಿಜಿಯಲ್ಲಿ ಯಾರೋ ಬರ್ತಿದ್ರು. ಆಫೀಸಲ್ಲಿ ಯೂನಿಫಾರ್ಮ್ ಹಾಕ್ಕೊಂಡೋರು ಇದ್ರು. ಮನೇಲಿ... ಮನೇದು ಆಮೇಲೆ ಹೇಳ್ತೀನಿ. ಜೊತೆಗಿದ್ದ ಇನ್ನೊಬ್ಬ ವಾಲಂಟಿಯರ್, ಬ್ರೆಜಿಲ್‌ನ ಹುಡುಗಿ, ನನ್ನ ಮುಖ ನೋಡಿ ಗ್ಲೌಸ್ ಹಾಕ್ಕೊಳ್ಳೋದು ಹೇಗೆ, ಮೊದಲು ಯಾವುದಕ್ಕೆ ಏನು ಸುರಿಯಬೇಕು, ಎಷ್ಟು ಹೊತ್ತು ಬಿಡಬೇಕು, ಕಿಟಕಿ ಯಾಕೆ ತೆಗೆದಿಡಬೇಕು ಅಂತ ಮಗೂಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಳು. ಮೊದಲ ದಿನ ವಾಂತಿ ಬಂದ ಹಾಗಾಯ್ತು. ನಾಲ್ಕನೇ ದಿನಕ್ಕೆ ಅಭ್ಯಾಸ ಆಯ್ತು. ಅವತ್ತು ಸಂಜೆ ನಾನು ಸ್ಟೋರಿ ಹಾಕಿದ್ದು ನರಿಕಾಲ ಕೋಟೆ ಮೇಲಿನ ಸೂರ್ಯಾಸ್ತ. ಅಮ್ಮಂಗೆ ಹೇಳಿದ್ದು ‘ರಿಸೆಪ್ಷನ್‌ನಲ್ಲಿ ಇದ್ದೀನಿ, ಗೆಸ್ಟ್ ಜಾಸ್ತಿ’.

ಆಮೇಲೊಂದು ದಿನ ಮಾಲೀಕನೇ ಹೇಳಿದ, ಹಿಂದೆ ಕ್ಲೀನಿಂಗ್‌ಗೆ ಅಂತ ಸಂಬಳ ಕೊಟ್ಟು ಒಬ್ಬ ಹೆಂಗಸನ್ನ ಇಟ್ಕೊಂಡಿದ್ದನಂತೆ. ವಾಲಂಟಿಯರ್‌ಗಳು ಸಿಗೋಕೆ ಶುರುವಾದ ಮೇಲೆ ಬೇಡ ಅಂದನಂತೆ. ಮಾಮೂಲಿ ಲೆಕ್ಕಾಚಾರದ ತರ ಹೇಳಿದ. ನನ್ನ ಫ್ರೀ ಹಾಸಿಗೆ ಎಲ್ಲಿಂದ ಬಂತು ಅಂತ ಆವಾಗ ಗೊತ್ತಾಯ್ತು.

ಸರಿ, ಹಬ್ಬಕ್ಕೆ ಬರ್ತೀನಿ. ನಾನು ಡಿಸೆಂಬರ್ 25ಕ್ಕೆ ದೊಡ್ಡ ನಿರೀಕ್ಷೆ ಇಟ್ಕೊಂಡಿದ್ದೆ. ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್‌ನಲ್ಲೇ ಅಷ್ಟು ಗಲಾಟೆ ಇರುತ್ತೆ, ಇನ್ನು ಕ್ರೈಸ್ತರ ದೇಶದಲ್ಲಿ ಹೇಗಿರಬೇಡ? ಸೋಮವಾರ ಬೆಳಗ್ಗೆ ಎದ್ದು ಹೊರಗೆ ಬಂದ್ರೆ, ಜನ ಆಫೀಸಿಗೆ ಹೋಗ್ತಿದ್ದಾರೆ! ಮಕ್ಕಳು ಬ್ಯಾಗ್ ಹಾಕ್ಕೊಂಡು ನಡೀತಿದ್ದಾರೆ. ಮೆಟ್ರೋ ರಶ್ಶು. ನಾನು ಬ್ರೆಡ್ ಅಂಗಡಿ ಅಮ್ಮಂಗೆ ‘ಮೆರಿ ಕ್ರಿಸ್‌ಮಸ್’ ಅಂದೆ, ಅವರು ಬ್ರೆಡ್ ಸುತ್ತಿ ಕೊಟ್ಟು ಚಿಲ್ಲರೆ ಕೇಳಿದ್ರು.

ಕಾರಣ ಕ್ಯಾಲೆಂಡರ್. ಅಲ್ಲಿನ ಆರ್ಥೊಡಾಕ್ಸ್ ಚರ್ಚ್ ಇನ್ನೂ ಹಳೇ ಜೂಲಿಯನ್ ಪಂಚಾಂಗ ನೋಡುತ್ತೆ, ಅದು ನಾವು ಬಳಸೋದಕ್ಕಿಂತ 13 ದಿನ ಹಿಂದೆ. ಅವರ ಡಿಸೆಂಬರ್ 25 ಬರೋದು ನಮ್ಮ ಜನವರಿ 7ಕ್ಕೆ. ಕ್ರಿಸ್‌ಮಸ್‌ಗೆ ಅವರ ಭಾಷೇಲಿ ಏನಂತಾರೆ ಗೊತ್ತಾ? ‘ಶೋಬಾ’. ನಮ್ಮ ಚಿಕ್ಕಮ್ಮನ ಹೆಸರು ಶೋಭಾ. ಫ್ಯಾಮಿಲಿ ಗ್ರೂಪ್‌ನಲ್ಲಿ ‘ಇಲ್ಲಿ ಎಲ್ಲರೂ ಶೋಭಾ ಬರ್ತಾಳೆ ಅಂತ ಕಾಯ್ತಿದ್ದಾರೆ’ ಅಂತ ಹಾಕಿದೆ, ಚಿಕ್ಕಮ್ಮ ಹತ್ತು ಇಮೋಜಿ ಕಳಿಸಿದ್ರು. ಅಂದ ಹಾಗೆ ಆ ಭಾಷೇಲಿ ಅಪ್ಪನಿಗೆ ‘ಮಾಮಾ’ ಅಂತಾರೆ. ಅಜ್ಜಿಗೆ ‘ಬೆಬಿಯಾ’.

ಸಸ್ಯಾಹಾರಿಗಳಿಗೆ ಒಂದು ಒಳ್ಳೇ ಸುದ್ದಿ. ಶೋಬಾಗೆ ಮುಂಚೆ, ನವೆಂಬರ್ 28ರಿಂದ ಜನವರಿ 6ರವರೆಗೆ, 40 ದಿನ ವ್ರತ. ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ಹಾಗಾಗಿ ಹೋಟೆಲ್‌ಗಳಲ್ಲಿ ‘ಸಮಾರ್ಖ್ವೊ’ ಅಂತ ಕೇಳಿದ್ರೆ ವ್ರತದ ಅಡುಗೆ ಸಿಗುತ್ತೆ. ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಕಾಳು, ಅದಕ್ಕೆ ಲೋಬಿಯೊ ಅಂತಾರೆ. ಕಾಳು ತುಂಬಿದ ರೊಟ್ಟಿ ಲೋಬಿಯಾನಿ, ನಮ್ಮ ಹೋಳಿಗೆಯ ಖಾರದ ತಂಗಿ. ಅಕ್ರೂಟದ ಮಸಾಲೆ ತುಂಬಿದ ಬದನೆಕಾಯಿ, ಎಣ್ಣೆಗಾಯಿ ಬಿಟ್ಟು ಬಂದೋರಿಗೆ ಕಣ್ಣಲ್ಲಿ ನೀರು ಬರುತ್ತೆ. ತಂದೂರಿನ ತರದ ಒಲೆಯ ಗೋಡೆಗೆ ಅಂಟಿಸಿ ಸುಡೋ ಉದ್ದ ಬ್ರೆಡ್ ತಿಂದೇ ನಾನು ಅರ್ಧ ದಿನ ಕಳೀತಿದ್ದೆ.

ಸೋವಿಯತ್ ಕಾಲದಲ್ಲಿ ಧಾರ್ಮಿಕ ಹಬ್ಬಗಳಿಗೆ ಅಡ್ಡಿ ಇತ್ತು, ಹೊಸ ವರ್ಷಕ್ಕೆ ಇರಲಿಲ್ಲ. ಹಾಗಾಗಿ ಇವತ್ತಿಗೂ ಅಲ್ಲಿ ದೊಡ್ಡ ಹಬ್ಬ ಅಂದ್ರೆ ಡಿಸೆಂಬರ್ 31ರ ರಾತ್ರಿ. ಬೀದಿ ಬದಿಯಲ್ಲಿ ಚಿಚಿಲಾಕಿ ಮಾರ್ತಾರೆ, ಹೇಜಲ್ ಮರದ ಕೊಂಬೆಯನ್ನ ಚಾಕುವಿನಿಂದ ಎಳೆ ಎಳೆಯಾಗಿ ಹೆರೆದು ಬಿಳಿ ಗಡ್ಡದ ಹಾಗೆ ಇಳಿಬಿಟ್ಟ ಪುಟ್ಟ ಮರ. ಮನೆ ಮನೆಯಲ್ಲಿ ಜೇನು, ಅಕ್ರೂಟ ಹಾಕಿ ಗೋಜಿನಾಕಿ ಮಾಡ್ತಾರೆ, ನಮ್ಮ ಚಿಕ್ಕಿನೇ. ವಾರಕ್ಕೆ 25 ಗಂಟೆ ಅಂತ ಒಪ್ಪಿಕೊಂಡಿದ್ದ ನನ್ನ ಕೆಲಸ ಆ ವಾರ 40 ದಾಟಿತು. ಹಾಸಿಗೆ ಎಲ್ಲ ಫುಲ್, ವೈನ್ ಕುಡಿದು ಬಂದೋರು ಎಲ್ಲೆಲ್ಲಿ ವಾಂತಿ ಮಾಡ್ತಾರೆ ಅಂತ ವಿವರಿಸಲ್ಲ. ಕೇಳಿದ್ದಕ್ಕೆ ಮಾಲೀಕ, ‘ಹಬ್ಬದ ಸೀಸನ್ ಅಲ್ವಾ’ ಅಂದ. ಅಷ್ಟೇ.

30ನೇ ತಾರೀಕು ಬೆಳಗ್ಗೆ ನಾನು ಅಂಗಳದ ನಲ್ಲೀಲಿ ಬಕೆಟ್ ತುಂಬಿಸ್ತಿದ್ದಾಗ ಮೇಲಿನ ಮನೆಯ ಅಜ್ಜಿ ಕೆಳಗಿಳಿದು ಬಂದ್ರು. ಎಂಬತ್ತರ ಹತ್ತಿರ ವಯಸ್ಸು, ಕಪ್ಪು ಬಟ್ಟೆ, ಒಬ್ಬರೇ ಇದ್ರು. ದಿನಾ ಬಾಲ್ಕನಿಯಿಂದ ನನ್ನನ್ನ ನೋಡೋರು, ನಾನು ‘ಗಮರ್‌ಜೋಬಾ ಬೆಬಿಯಾ’ ಅಂತ ಕೂಗ್ತಿದ್ದೆ, ಅವರು ಏನೋ ಉದ್ದಕ್ಕೆ ಹೇಳೋರು, ನನಗೆ ಅರ್ಥ ಆಗ್ತಿರಲಿಲ್ಲ. ಅವತ್ತು ಮಾಲೀಕನ ಮಗಳನ್ನ ಕರೆದು ಪಕ್ಕ ನಿಲ್ಲಿಸಿಕೊಂಡು ಮಾತಾಡಿದ್ರು. ಆ ಹುಡುಗಿ ಇಂಗ್ಲಿಷ್‌ನಲ್ಲಿ ಹೇಳಿದಳು: ‘ನೀನು ಇವರ ಮನೆಗೆ ಮೆಕ್ವ್ಲೆ ಆಗ್ತೀಯಾ ಅಂತ ಕೇಳ್ತಿದ್ದಾರೆ.’

ಮೆಕ್ವ್ಲೆ ಅಂದ್ರೆ, ಹೊಸ ವರ್ಷ ಹುಟ್ಟಿದ ಮೇಲೆ ಒಂದು ಮನೆಯ ಹೊಸ್ತಿಲನ್ನ ಮೊದಲು ದಾಟಿ ಒಳಗೆ ಬರೋರು. ಅವರ ಪಾದದ ಮೇಲೆ ಆ ಮನೆಯ ಇಡೀ ವರ್ಷ ನಿಂತಿರುತ್ತೆ ಅಂತ ನಂಬಿಕೆ. ಹಾಗಾಗಿ ಯಾರನ್ನೋ ಬಿಡಲ್ಲ, ಆರಿಸಿ ಕರೀತಾರೆ. ಒಳ್ಳೇ ಪಾದದವರಿಗೆ ಅವರ ಭಾಷೇಲಿ ಒಂದು ಪದ ಇದೆ, ‘ಅದೃಷ್ಟದ ಕಾಲಿನವರು’ ಅನ್ನೋ ಅರ್ಥ. ಆ ಹುಡುಗಿ ಅದನ್ನ ಇಂಗ್ಲಿಷ್‌ನಲ್ಲಿ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದಳು. ನನಗೆ ಬೇಕಾಗಿರಲಿಲ್ಲ. ಕಾಲ್ಗುಣ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡ್ಬೇಕಾ?

ನಾನು ಬಕೆಟ್ ಕಡೆ ಕೈ ತೋರಿಸಿ, ‘ನಾನು ಇಲ್ಲಿ ಟಾಯ್ಲೆಟ್ ತೊಳೆಯೋಳು ಅಂತ ಅವರಿಗೆ ಗೊತ್ತಾ, ಹೇಳು’ ಅಂದೆ. ಯಾಕೆ ಹಾಗೆ ಕೇಳಿದೆ ಅಂತ ಆ ಹುಡುಗಿಗೆ ಅರ್ಥ ಆಗಲಿಲ್ಲ. ಆದ್ರೂ ಹೇಳಿದಳು. ಅಜ್ಜಿ ನಕ್ಕರು. ‘ಗೊತ್ತು, ಆ ಬ್ಲೀಚ್ ವಾಸನೆ ನನ್ನ ಅಡುಗೆ ಮನೆವರೆಗೂ ಬರುತ್ತೆ. ಹನ್ನೆರಡೂಕಾಲಿಗೆ ಬಾ, ತಡ ಮಾಡ್ಬೇಡ’ ಅಂದ್ರು.

ಈಗ ಮನೆ ವಿಷಯ. ಹಾಸನದ ನಮ್ಮನೆಗೆ ನಾನು ಚಿಕ್ಕವಳಿದ್ದಾಗಿಂದ ಒಬ್ಬರು ಬರ್ತಾರೆ. ವಾರಕ್ಕೆರಡು ಸಲ ಬಚ್ಚಲು, ಟಾಯ್ಲೆಟ್ ತೊಳೆಯೋಕೆ. ಅವರಿಗೆ ಹೆಸರಿದೆ, ನನಗೂ ಗೊತ್ತು, ಆದ್ರೆ ಮನೇಲಿ ಎಲ್ಲರೂ ಹೇಳೋದು ‘ಬಾತ್‌ರೂಮ್‌ನವಳು ಬಂದ್ಳಾ?’ ಅಂತ. ಪಕ್ಕದ ಓಣಿಯಿಂದ ಬಂದು ಹಿತ್ತಿಲ ಬಾಗಿಲಲ್ಲಿ ಒಳಗೆ ಬರ್ತಾರೆ, ಹಾಗೇ ಹೋಗ್ತಾರೆ. ಬಚ್ಚಲ ಕಿಟಕಿಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿರುತ್ತೆ. ಅದು ಅವರದು. ಅಮ್ಮ ಮೇಲಿಂದ ಟೀ ಹೊಯ್ತಾರೆ, ಲೋಟಕ್ಕೆ ತಾಗದ ಹಾಗೆ. ಹಬ್ಬಕ್ಕೆ ಹೋಳಿಗೆನೂ ಕೊಡ್ತಾರೆ, ಮಾರನೇ ದಿನ, ಕವರ್‌ನಲ್ಲಿ. ನಮ್ಮಮ್ಮ ಕೆಟ್ಟೋರಲ್ಲ, ಯಾರಿಗೂ ಒರಟಾಗಿ ಮಾತಾಡಲ್ಲ. ಹಾಗೇ ನಡ್ಕೊಂಡು ಬಂದಿದೆ. ನಾನು, ಅವರಿಗಿಂತ ಮೂವತ್ತು ವರ್ಷ ಚಿಕ್ಕವಳು, ಅವರನ್ನ ‘ಬಾ, ಹೋಗು’ ಅಂತಲೇ ಮಾತಾಡಿಸ್ತಿದ್ದೆ. ಕಾಲೇಜಲ್ಲಿ ಸಮಾನತೆ ಬಗ್ಗೆ ಡಿಬೇಟ್ ಮಾಡಿ ಕಪ್ ತಗೊಂಡು ಬಂದ ದಿನಾನೂ ಆ ಲೋಟ ಅಲ್ಲೇ ಇತ್ತು.

31ರ ರಾತ್ರಿ ನಮ್ಮ ಹನ್ನೆರಡು ಗಂಟೆಗೆ, ಅಂದ್ರೆ ಅಲ್ಲಿಯ ಹತ್ತೂವರೆಗೆ, ಅಮ್ಮಂಗೆ ವಿಡಿಯೋ ಕಾಲ್ ಮಾಡಿದೆ. ಹೊಸ ವರ್ಷದ ಶುಭಾಶಯ ಎಲ್ಲ ಆಯ್ತು. ಮೆಕ್ವ್ಲೆ ಬಗ್ಗೆ ಹೇಳಿದೆ. ಅಮ್ಮಂಗೆ ಖುಷಿಯೋ ಖುಷಿ. ‘ನೋಡ್ದಾ, ಪರದೇಶದಲ್ಲೂ ನನ್ನ ಮಗಳ ಕಾಲ್ಗುಣ ಗೊತ್ತಾಯ್ತು, ಬಲಗಾಲಿಟ್ಟು ಹೋಗು’ ಅಂದ್ರು. ಆ ಖುಷೀಲಿ ಸತ್ಯ ಹೇಳಿಬಿಡೋಣ ಅನಿಸ್ತು. ‘ಅಮ್ಮ, ನಾನು ರಿಸೆಪ್ಷನ್‌ನಲ್ಲಿಲ್ಲ, ಇಲ್ಲಿ ಟಾಯ್ಲೆಟ್ ತೊಳೀತೀನಿ’ ಅಂದೆ.

ನೆಟ್‌ವರ್ಕ್ ಹೋಯ್ತು ಅಂದ್ಕೊಂಡೆ. ಹೋಗಿರಲಿಲ್ಲ. ಆಮೇಲೆ ಅಮ್ಮ ದನಿ ತಗ್ಗಿಸಿ, ‘ಅದನ್ನ ಯಾರ ಹತ್ರಾನೂ ಹೇಳ್ಬೇಡ’ ಅಂದ್ರು. ಸ್ವಲ್ಪ ತಡೆದು, ‘ಊಟದ ಮುಂಚೆ ತಲೆಗೆ ಸ್ನಾನ ಮಾಡ್ತೀಯಾ ತಾನೇ?’ ಅಂತ ಕೇಳಿದ್ರು.

ಹನ್ನೆರಡಾಯ್ತು. ಟಿಬಿಲಿಸೀಲಿ ಪಟಾಕಿ ಒಂದು ಕಡೆ ಹಾರಿಸಲ್ಲ, ಒಂದೊಂದು ಬಾಲ್ಕನಿಯಿಂದಲೂ ಹಾರಿಸ್ತಾರೆ. ದೀಪಾವಳಿ ಹೊಗೇನೇ. ನಾನು ಸ್ನಾನ ಮಾಡಿ, ಇದ್ದಿದ್ದರಲ್ಲಿ ಒಳ್ಳೇ ಕುರ್ತಾ ಹಾಕ್ಕೊಂಡು, ಅದರ ಮೇಲೆ ಜಾಕೆಟ್, ಕೈಯಲ್ಲಿ ಗೋಜಿನಾಕಿ, ಚಾಕಲೇಟ್, ಒಂದು ಬಾಟ್ಲಿ ವೈನ್ ಇರೋ ಚೀಲ ಹಿಡ್ಕೊಂಡು ಮರದ ಮೆಟ್ಟಿಲು ಹತ್ತಿದೆ. ಬಾಗಿಲು ತಟ್ಟಿದೆ. ಅಜ್ಜಿ ಪೂರ್ತಿ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತ್ರು. ಹೊಸ್ತಿಲ ಮುಂದೆ ನನಗೆ ಒಂದು ಕ್ಷಣ ಕಾಲೇ ಏಳಲಿಲ್ಲ. ಬಲಗಾಲಿಟ್ಟೆ. ಹೇಳಿಕೊಟ್ಟಿದ್ದ ಮಾತನ್ನ ತಪ್ಪುತಪ್ಪಾಗಿ ಹೇಳಿದೆ. ಕೋಣೆ ಕೋಣೆಗೂ ಚಾಕಲೇಟ್ ಎರಚಬೇಕು, ಎರಚಿದೆ. ಅಡುಗೆ ಮನೆಗೂ ಕರ್ಕೊಂಡು ಹೋದ್ರು. ದೇವರ ಪಟ ಇದ್ದ ಮೂಲೆಗೂ.

ಆಮೇಲೆ ಅಕ್ಕಪಕ್ಕದವರು ಬಂದ್ರು, ಟೇಬಲ್ ತುಂಬ ಊಟ. ಬೇರೆಯವರು ಅಕ್ರೂಟದ ಸಾಸ್‌ನಲ್ಲಿ ಮಾಡಿದ ಕೋಳಿ ತಿಂದ್ರು. ಅಜ್ಜಿಗೆ ಇನ್ನೂ ವ್ರತ, ನಾನು ಸಸ್ಯಾಹಾರಿ. ಇಬ್ಬರೂ ಟೇಬಲ್ಲಿನ ಒಂದೇ ತುದೀಲಿ ಕೂತು ಬದನೆಕಾಯಿ ತಿಂದ್ವಿ, ಒಂದೇ ತಟ್ಟೆಯಿಂದ. ಅವರು ತಮ್ಮ ಕೈಯಿಂದ ಬ್ರೆಡ್ ಮುರಿದು ನನ್ನ ಕೈಗೆ ಕೊಡ್ತಿದ್ರು. ನನಗೆ ಆ ಲೋಟ ನೆನಪಾಗ್ತಾನೇ ಇತ್ತು.

ಇದನ್ನ ಕೇಳಿ ಆ ದೇಶದಲ್ಲಿ ಎಲ್ಲರೂ ದೇವತೆಗಳು ಅಂದ್ಕೊಳ್ಬೇಡಿ. ಅಲ್ಲಿ ಮೆಡಿಕಲ್ ಓದ್ತಿರೋ ನಮ್ಮ ದಾವಣಗೆರೆ, ಕಲಬುರಗಿ ಹುಡುಗಿಯರು ಪರಿಚಯ ಆಗಿದ್ರು. ಬಾಡಿಗೆ ಮನೆ ಕೇಳೋಕೆ ಹೋದ್ರೆ ‘ಇಂಡಿಯನ್ಸ್‌ಗೆ ಕೊಡಲ್ಲ’ ಅಂತ ಬಾಗಿಲು ಹಾಕಿದ ಕಥೆ ಅವರಲ್ಲಿ ಒಬ್ಬೊಬ್ಬರ ಹತ್ರ ಎರಡೆರಡಿತ್ತು. ಅಲ್ಲಿಯ ಹೊಸ್ತಿಲುಗಳಿಗೂ ಲೆಕ್ಕ ಇದೆ, ಬೇರೆ ಲೆಕ್ಕ.

ಜನವರಿ 2ಕ್ಕೆ ಬೆದೋಬಾ, ಅದೃಷ್ಟದ ದಿನ. ಅವತ್ತು ಹೇಗಿರ್ತೀರೋ ವರ್ಷವೆಲ್ಲ ಹಾಗೇ ಅಂತಾರೆ, ನಮ್ಮ ಯುಗಾದಿ ಮಾತೇ. ನಾನು ಅವತ್ತು ಕಟ್ಟಿಕೊಂಡ ಡ್ರೈನ್ ಬಿಡಿಸ್ತಿದ್ದೆ. 7ಕ್ಕೆ ಶೋಬಾ. ಅಲಿಲೊ ಅಂತ ಮೆರವಣಿಗೆ, ಬಿಳಿ ಬಟ್ಟೆಯ ಮಕ್ಕಳು, ಶಿಲುಬೆಯ ಬಾವುಟಗಳು, ದಾರಿಯುದ್ದಕ್ಕೂ ಜನ ಕೊಡೋ ಸಿಹಿತಿಂಡಿ, ಬಟ್ಟೆ ಎಲ್ಲ ಇಲ್ಲದವರಿಗೆ ಹೋಗುತ್ತೆ. ಸಮೇಬಾ ಅನ್ನೋ ದೊಡ್ಡ ಚರ್ಚ್‌ವರೆಗೆ ನಡೆದೆ. ಹಿಮ ಬಿತ್ತಾ ಅಂತ ತುಂಬ ಜನ ಕೇಳಿದ್ದೀರಿ. ಇಲ್ಲ, ಮಳೆ ಬಂತು. ಜನವರಿ 14ಕ್ಕೆ ಅವರ ಹಳೇ ಹೊಸ ವರ್ಷ, ಹೌದು, ಹೊಸ ವರ್ಷ ಎರಡನೇ ಸಲ. ಆ ವರ್ಷ ನಮ್ಮ ಸಂಕ್ರಾಂತಿ 15ಕ್ಕೆ ಬಿದ್ದಿತ್ತು. ದಾವಣಗೆರೆ ಹುಡುಗಿ ಮನೆಯಿಂದ ತಂದಿದ್ದ ಎಳ್ಳು ಬೆಲ್ಲಕ್ಕೆ ಅಕ್ರೂಟ ಸೇರಿಸಿ ಅಜ್ಜಿಗೆ ಕೊಟ್ಟು ಬಂದೆ.

ತಿಂಗಳ ಕೊನೆಗೆ ಹಾಸನಕ್ಕೆ ಬಂದೆ. ಕೆಲಸ ಹೋಗಿದ್ದೂ ಹೇಳಿದೆ, ಅದಕ್ಕೆ ಅಮ್ಮ ಟಾಯ್ಲೆಟ್ ವಿಷಯಕ್ಕೆ ಆದಷ್ಟು ಬೇಜಾರಾಗಲಿಲ್ಲ. ಗುರುವಾರ ಬೆಳಗ್ಗೆ ಅವರು ಬಂದ್ರು. ನಾನು ಓಣಿಗೇ ಹೋಗಿ, ‘ಅಕ್ಕಾ, ಮುಂದಿನ ಬಾಗಿಲಿಂದ ಬನ್ನಿ’ ಅಂದೆ. ಮೊದಲ ಸಲ ‘ಬನ್ನಿ’ ಅಂದಿದ್ದು. ಅವರು ನನ್ನನ್ನ ಜ್ವರ ಬಂದವಳನ್ನ ನೋಡೋ ಹಾಗೆ ನೋಡಿ, ‘ಬ್ಯಾಡ ಕಣವ್ವ. ನೀನು ನಾಕು ದಿನ ಇದ್ದು ಹೋಗ್ತೀಯ, ಆಮೇಲೆ ಇಲ್ಲಿ ಬರೋಳು ನಾನು’ ಅಂದ್ರು. ಹಿತ್ತಿಲ ಬಾಗಿಲಿಂದಲೇ ಹೋದ್ರು.

ಆ ದಿನ ನಾನೂ ಒಂದು ಬ್ರಷ್ ಹಿಡ್ಕೊಂಡೆ. ‘ಇದನ್ನ ಎಲ್ಲಿ ಕಲಿತೆ?’ ಅಂದ್ರು. ಹೇಳಿದೆ. ದೇಶ, ಹಾಸ್ಟೆಲ್, ನಾಲ್ಕು ಟಾಯ್ಲೆಟ್, ಎಲ್ಲ. ಕೈ ನಿಲ್ಲಿಸಿ ಕೇಳಿಸ್ಕೊಂಡ್ರು.

‘ಎಷ್ಟು ಕೊಡೋರು?’

‘ದುಡ್ಡು ಕೊಡ್ತಿರಲಿಲ್ಲ ಅಕ್ಕ. ಮಲಗೋಕೆ ಜಾಗ ಕೊಡ್ತಿದ್ರು.’

ಅವರು ಗೋಡೆಗೆ ಒರಗಿ ನಗೋಕೆ ಶುರು ಮಾಡಿದ್ರು. ‘ಅದಕ್ಕೆ ಇಮಾನ ಹತ್ಕಂಡು ಹೋಗಿದ್ಯಾ?’

ನಾನೂ ನಕ್ಕೆ. ಆಮೇಲೆ, ನಮ್ಮನೇಲಿ ಅವರಿಗೆ ಎಷ್ಟು ಕೊಡ್ತಾರೆ ಅಂತ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಕೇಳಿದೆ. ತಿಂಗಳಿಗೆ 500. ಗ್ಲೌಸ್ ಇಲ್ಲ. ಗ್ಲೌಸ್ ಅವತ್ತೇ ತಂದೆ, ಅದು ಸುಲಭ. 500ರ ಬಗ್ಗೆ ಅಮ್ಮನ ಜೊತೆ ಜಗಳ ಆಯ್ತು, 1,200ಕ್ಕೆ ಬಂದು ನಿಂತಿದೆ. ಲೋಟ ನಾನು ಎತ್ತಿ ಅಡುಗೆ ಮನೇಲಿಟ್ಟೆ, ಮುಂದಿನ ಸಲ ಊರಿಗೆ ಹೋದಾಗ ಅದು ಮತ್ತೆ ಕಿಟಕಿ ಮೇಲಿತ್ತು. ಮತ್ತೆ ಎತ್ತಿಟ್ಟೆ. ಈಗಲೂ ಪ್ರತಿ ಸಲ ಹೋದಾಗ ಮೊದಲು ಆ ಕಿಟಕಿ ನೋಡ್ತೀನಿ.

ವೀಸಾ ಬಗ್ಗೆ ಇನ್ನೂ ಡೌಟ್ ಇರೋರು ಮೆಸೇಜ್ ಮಾಡಿ, ಆದ್ರೆ ನನ್ನ ಮಾತಿಗಿಂತ ರಾಯಭಾರ ಕಚೇರಿ ಉತ್ತರ ನಂಬಿ. ಮುಂದಿನ ವಾರ ಗೆಸ್ಟ್ ಇದ್ದಾರೆ. ಸಿಗೋಣ.